ಅಪ್ರಾಪ್ತ ವಯಸ್ಸಿನ ಚಾಲಕನೂ ಗೃಹಸ್ಥನ ಹೊಣೆಯೂ

ಮೈಸೂರು ನಗರದ ಅಂಚಿನಲ್ಲಿ ಬೆಳೆದ ಬಡಾವಣೆಗಳಲ್ಲಿ ದಟ್ಟಗಳ್ಳಿಯೂ ಒಂದು. ಹೆಸರೇ ಸೂಚಿಸುವಂತೆ ಒಂದು ಕಾಲಕ್ಕೆ ಹಳ್ಳಿಯಾಗಿದ್ದ ಈ ಸ್ಥಳವು ಇಂದು ಕುವೆಂಪುನಗರ, ರಾಮಕೃಷ್ಣನಗರಗಳ ನೆರೆಯಲ್ಲಿ ಗೃಹಸ್ಥರ ವಸತಿಯಾಗಿದೆ. ಬೀದಿಗಳು ಅಗಲವಾಗಿವೆ, ನಗರವನ್ನು ಬಳಸುವ ವರ್ತುಲ ರಸ್ತೆಯು ಸಮೀಪದಲ್ಲಿಯೇ ಇದೆ. ಕಾಲೇಜಿಗೂ ಮನೆಪಾಠಕ್ಕೂ ಮಕ್ಕಳು ದೂರ ಹೋಗಬೇಕು. ಇಂತಹ ಬಡಾವಣೆಗಳಲ್ಲಿ ತಾಯಿಯ ಹೆಸರಿನ ಸ್ಕೂಟರನ್ನು ಪಿ.ಯು.ಸಿ. ಓದುವ ಮಗನಿಗೋ ಮಗಳಿಗೋ ಕೊಟ್ಟು ಕಳುಹಿಸುವುದು ದಿನವಹಿಯ ಸಂಗತಿಯಾಗಿಹೋಗಿದೆ. ಇದನ್ನು ತಪ್ಪೆಂದು ಎಣಿಸುವವರೇ ವಿರಳ. ಎಲ್ಲಿಯವರೆಗೆ ಏನೂ ಆಗುವುದಿಲ್ಲವೋ ಅಲ್ಲಿಯವರೆಗೆ ಅದು ಅನುಕೂಲ. ಒಂದು ಸಂಜೆ ದಾರಿಯಲ್ಲಿ ನಡೆದುಹೋಗುತ್ತಿದ್ದವರೊಬ್ಬರು ಆ ಗಾಡಿಗೆ ಸಿಕ್ಕಿ ನೆಲಕ್ಕುರುಳಿದರೆಂದರೆ ಎರಡು ಸಂಸಾರಗಳ ನೆಮ್ಮದಿಯು ಒಂದೇ ಗಳಿಗೆಯಲ್ಲಿ ಕೆಟ್ಟುಹೋಗುತ್ತದೆ.

ಇಂತಹ ವಿಪತ್ತಿನಲ್ಲಿ ಗೃಹಸ್ಥನು ಏನು ಮಾಡತಕ್ಕದ್ದು, ಏನು ಮಾಡಕೂಡದು, ಕಾನೂನಿನ ಸಹಾಯವು ಯಾರಿಗೆ ಎಲ್ಲಿ ದೊರೆಯುತ್ತದೆ ಎಂಬುದನ್ನು ವಾಚಕರಿಗೆ ತಿಳಿಸುವುದು ನಮ್ಮ ಉದ್ದೇಶ. ಅಪಘಾತವು ಕುಟುಂಬಕ್ಕೆ ತರುವ ಹಾನಿಗಿಂತಲೂ, ಆ ರಾತ್ರಿ ಗಾಬರಿಯಲ್ಲಿ ಹಿರಿಯರು ಹೇಳುವ ಒಂದು ಸುಳ್ಳು ತರುವ ಹಾನಿಯು ಎಷ್ಟೋ ವೇಳೆ ಹೆಚ್ಚಿನದಾಗಿರುತ್ತದೆ. ಈ ಮಾತನ್ನು ಮುಂದೆ ವಿಶದಪಡಿಸುವೆವು.

ವಯಸ್ಸಿನ ನಿಯಮ

1988ನೆಯ ಇಸವಿಯ ಮೋಟಾರು ವಾಹನ ಕಾಯಿದೆಯ 4ನೆಯ ಕಲಮಿನಂತೆ, 18 ವರ್ಷ ತುಂಬದವರು ಸಾರ್ವಜನಿಕ ಸ್ಥಳದಲ್ಲಿ ಮೋಟಾರು ವಾಹನವನ್ನು ನಡೆಸಕೂಡದು. ಇದಕ್ಕೆ ಒಂದೇ ಒಂದು ವಿನಾಯಿತಿ ಉಂಟು: ಎಂಜಿನ್ನಿನ ಸಾಮರ್ಥ್ಯವು 50 ಸಿ.ಸಿ. ಮೀರದ ದ್ವಿಚಕ್ರ ವಾಹನವನ್ನು, 16 ವರ್ಷ ತುಂಬಿದವರು, ಪೋಷಕರ ಲಿಖಿತ ಸಮ್ಮತಿಯಿಂದ ಲೈಸೆನ್ಸ್ ಪಡೆದು ನಡೆಸಬಹುದು. ಆದರೆ ನಮ್ಮ ಮನೆಗಳ ಮುಂದೆ ನಿಂತಿರುವ ಸ್ಕೂಟರುಗಳು ಸಾಮಾನ್ಯವಾಗಿ 100 ಸಿ.ಸಿ.ಗೆ ಮೇಲ್ಪಟ್ಟವು, ಅವುಗಳಿಗೆ ಈ ವಿನಾಯಿತಿಯು ಅನ್ವಯಿಸುವುದಿಲ್ಲ. ಪಿ.ಯು.ಸಿ. ತರಗತಿಗಳ ಎರಡು ವರ್ಷಗಳೂ ಬಹುಮಟ್ಟಿಗೆ 18ರ ಒಳಗೇ ಕಳೆಯುವುದರಿಂದ, ಮನೆಯ ಸ್ಕೂಟರಿನಲ್ಲಿ ಕಾಲೇಜಿಗೆ ಹೋಗುವ ಪಿ.ಯು.ಸಿ. ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಲೈಸೆನ್ಸ್ ಪಡೆಯಲು ಅರ್ಹರೇ ಅಲ್ಲವೆಂದು ತಿಳಿಯಬೇಕು. ವಿದ್ಯುತ್ತಿನಿಂದ ಓಡುವ ಗಾಡಿಗಳ ಪೈಕಿ ಗಂಟೆಗೆ 25 ಕಿಲೋಮೀಟರಿಗೂ 250 ವ್ಯಾಟ್ ಶಕ್ತಿಗೂ ಒಳಪಟ್ಟ ಸಣ್ಣ ಗಾಡಿಗಳಿಗೆ ಮಾತ್ರ ಲೈಸೆನ್ಸ್ ಬೇಡ. ಅದಕ್ಕೆ ಮೀರಿದ ವಿದ್ಯುತ್ ಸ್ಕೂಟರು ಕಾನೂನಿನ ದೃಷ್ಟಿಯಲ್ಲಿ ಪೂರ್ಣ ಮೋಟಾರು ವಾಹನವೇ ಸರಿ.

ಲೈಸೆನ್ಸ್ ಇಲ್ಲದವರ ಕೈಗೆ ವಾಹನವನ್ನು ಕೊಡುವುದು ಮಾಲೀಕನ ಅಪರಾಧವೆಂದು ಮೊದಲಿನಿಂದಲೂ ಕಾಯಿದೆಯಲ್ಲಿ ಇತ್ತು. 2019ರ ತಿದ್ದುಪಡಿಯು ಇನ್ನೂ ಮುಂದೆ ಹೋಗಿ 199ಎ ಎಂಬ ಹೊಸ ಕಲಮನ್ನು ಸೇರಿಸಿತು. ಅದು ಅದೇ ವರ್ಷದ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದಿತು. ಇದರ ಪ್ರಕಾರ, ಬಾಲಕನು ವಾಹನ ನಡೆಸಿ ಅಪರಾಧವೆಸಗಿದರೆ ಅವನ ಪೋಷಕನು ಅಥವಾ ವಾಹನದ ಮಾಲೀಕನು ತಪ್ಪಿತಸ್ಥನೆಂದು ಎಣಿಸಲ್ಪಡುತ್ತಾನೆ. ಶಿಕ್ಷೆಯು 3 ವರ್ಷಗಳವರೆಗೆ ಕಾರಾಗೃಹವಾಸ ಮತ್ತು 25,000 ರೂಪಾಯಿ ಜುಲ್ಮಾನೆ. ವಾಹನದ ನೋಂದಣಿಯು 12 ತಿಂಗಳ ಕಾಲ ರದ್ದಾಗುತ್ತದೆ. ಬಾಲಕನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಕ್ಕುವುದಿಲ್ಲ. ಶಿವಮೊಗ್ಗ ಜಿಲ್ಲೆಯಲ್ಲಿ, ಅಪಘಾತವೇನೂ ಆಗದಿದ್ದರೂ, ಮಕ್ಕಳ ಕೈಗೆ ಬೈಕು ಕೊಟ್ಟ ತಂದೆತಾಯಿಗಳಿಗೆ ನ್ಯಾಯಾಲಯವು 25,000 ರೂಪಾಯಿಗಳ ಜುಲ್ಮಾನೆ ವಿಧಿಸಿದ ಸುದ್ದಿಗಳನ್ನು ಈಚಿನ ವರ್ಷಗಳಲ್ಲಿ ವಾಚಕರು ಓದಿರಬಹುದು.

“ನಮಗೆ ತಿಳಿಯದೆ ತೆಗೆದುಕೊಂಡು ಹೋದ” ಎಂಬ ಸಮಾಧಾನವನ್ನು ಕಾಯಿದೆಯು ಪೂರ್ತಿಯಾಗಿ ತಳ್ಳಿಹಾಕಿಲ್ಲ. ಆದರೆ ಪೋಷಕನ ಸಮ್ಮತಿ ಇತ್ತೆಂದೇ ನ್ಯಾಯಾಲಯವು ಮೊದಲು ಭಾವಿಸುತ್ತದೆ. ತನಗೆ ತಿಳಿಯದೆ ಆಯಿತೆಂದು, ಅಥವಾ ತಡೆಯಲು ತಕ್ಕ ಎಚ್ಚರಿಕೆಯನ್ನೆಲ್ಲ ತೆಗೆದುಕೊಂಡಿದ್ದೆನೆಂದು ಪೋಷಕನೇ ರುಜುವಾತುಪಡಿಸಬೇಕು. ನಿತ್ಯವೂ ಬಾಗಿಲ ಬಳಿಯ ಮೊಳೆಗೆ ಬೀಗದ ಕೈ ತೂಗುಹಾಕಿ, ನಿತ್ಯವೂ ಮಗನು ಗಾಡಿ ತೆಗೆಯುವುದನ್ನು ನೆರೆಹೊರೆಯವರೆಲ್ಲ ಕಂಡಿರುವಾಗ ಇದನ್ನು ರುಜುವಾತುಪಡಿಸುವುದು ಹೇಗೆ?

ಮೊದಲ ಗಳಿಗೆಯ ಕರ್ತವ್ಯಗಳು

ಅಪಘಾತವು ಸಂಭವಿಸಿತು, ಮಗನು ನಡುಗುತ್ತ ಫೋನ್ ಮಾಡಿದ್ದಾನೆ. ಆಗ ತಂದೆತಾಯಿಗಳು ಹೇಳಬೇಕಾದ ಮೊದಲ ಮಾತು “ಅಲ್ಲಿಂದ ಹೊರಟು ಬಾ” ಎಂಬುದಲ್ಲ. “ಅಲ್ಲಿಯೇ ಇರು, ಪೆಟ್ಟಾದವರನ್ನು ನೋಡು, 108ಕ್ಕೆ ಕರೆಮಾಡು” ಎಂಬುದು. ಕಾಯಿದೆಯ 134ನೆಯ ಕಲಮಿನಂತೆ, ಗಾಯಗೊಂಡವರನ್ನು ಹತ್ತಿರದ ವೈದ್ಯರ ಅಥವಾ ಆಸ್ಪತ್ರೆಯ ಬಳಿಗೆ ಸೇರಿಸಲು ಯತ್ನಿಸುವುದು ಚಾಲಕನ ಕರ್ತವ್ಯ. ಜನರ ಗುಂಪಿನಿಂದ ಪ್ರಾಣಭಯವಿದ್ದರೆ ಇದಕ್ಕೆ ರಿಯಾಯಿತಿ ಉಂಟು. ಆಗಲೂ ಸಮೀಪದ ಪೋಲೀಸ್ ಠಾಣೆಗೆ ಸಾಧ್ಯವಾದಷ್ಟು ಬೇಗನೆ, ಹೇಗಾದರೂ 24 ಗಂಟೆಗಳೊಳಗೆ, ವರದಿ ಕೊಡಲೇಬೇಕು. ವಿಮಾ ಕಂಪನಿಗೂ ಬರಹದಲ್ಲಿ ತಿಳಿಸಬೇಕು.

ರಸ್ತೆ ಅಪಘಾತದ ಗಾಯಾಳುಗಳಿಗಾಗಿ ಕೇಂದ್ರ ಸರ್ಕಾರವು 2025ರಲ್ಲಿ ಹೊರಡಿಸಿದ ಯೋಜನೆಯಂತೆ, ಅಪಘಾತವಾದಂದಿನಿಂದ 7 ದಿನಗಳವರೆಗೆ, ತಲಾ 1.5 ಲಕ್ಷ ರೂಪಾಯಿಗಳ ಮಿತಿಯಲ್ಲಿ, ಮುಂಗಡ ಹಣವಿಲ್ಲದೆ ಗೊತ್ತಾದ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಪಡೆಯಬಹುದು. ಹಣವಿಲ್ಲವೆಂದು ಗಾಯಾಳುವನ್ನು ಆಸ್ಪತ್ರೆಯ ಬಾಗಿಲಲ್ಲಿ ಕಾಯಿಸುವ ಪ್ರಸಂಗ ಬಂದರೆ ಎರಡು ಮನೆಯವರೂ ಈ ಯೋಜನೆಯನ್ನು ಕೇಳಿ ಪಡೆಯಬೇಕು. ಗಾಯಾಳು ಬದುಕುವುದೇ ಎಲ್ಲಕ್ಕೂ ಮಿಗಿಲು. ಕೇವಲ ಕಾನೂನಿನ ಲೆಕ್ಕದಲ್ಲಿ ನೋಡಿದರೂ, ಬದುಕಿದವರ ಮೊಕದ್ದಮೆಗೂ ಸತ್ತವರ ಮೊಕದ್ದಮೆಗೂ ಅಜಗಜಾಂತರವಿದೆ.

ಮಾಡಕೂಡದ ಒಂದು ಕೆಲಸ

ಇಂತಹ ಸಮಯದಲ್ಲಿ ಮನೆಗೆ ಹಿತೈಷಿಗಳು ಬರುತ್ತಾರೆ. “ಹುಡುಗನಿಗೆ ಲೈಸೆನ್ಸ್ ಇಲ್ಲ, ಗಾಡಿಯನ್ನು ನೀವೇ ಓಡಿಸುತ್ತಿದ್ದಿರೆಂದು ಹೇಳಿಬಿಡಿ, ವಿಮೆಯೂ ಸಿಕ್ಕುತ್ತದೆ, ಮಗನ ಭವಿಷ್ಯವೂ ಉಳಿಯುತ್ತದೆ” ಎಂಬ ಸಲಹೆಯು ಇವರ ಬಾಯಿಂದ ಬಾರದೆ ಇರುವುದು ಅಪೂರ್ವ. ತಂದೆಯು ಮಮತೆಯಿಂದಲೇ ಇದಕ್ಕೆ ಒಪ್ಪಬಹುದು. ಆದರೆ ಇದಕ್ಕಿಂತ ಕೆಟ್ಟ ಸಲಹೆಯು ಬೇರೊಂದಿಲ್ಲ.

ಕಾರಣವಿಷ್ಟೆ. ವಾಹನವನ್ನು ಯಾರು ನಡೆಸುತ್ತಿದ್ದರೆಂದು ಪೋಲೀಸರು ಕೇಳಿದಾಗ ನಿಜವನ್ನು ತಿಳಿಸುವುದು 133ನೆಯ ಕಲಮಿನಂತೆ ಮಾಲೀಕನ ಕರ್ತವ್ಯ. ಸಾಕ್ಷ್ಯವನ್ನು ಇಲ್ಲದಂತೆ ಮಾಡುವುದು, ತಪ್ಪು ಮಾಡಿದವನನ್ನು ಮರೆಮಾಡಲು ಸುಳ್ಳು ಹೇಳುವುದು, ಇವು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 238ನೆಯ ಕಲಮಿನಂತೆ ಪ್ರತ್ಯೇಕ ಅಪರಾಧಗಳು. ಬೀದಿಬೀದಿಗೆ ಕ್ಯಾಮೆರಾಗಳೂ ಎಲ್ಲರ ಕೈಯಲ್ಲಿ ಫೋನುಗಳೂ ಇರುವ ಈ ಕಾಲದಲ್ಲಿ ಸುಳ್ಳು ಬಹುಕಾಲ ನಿಲ್ಲುವುದೂ ಇಲ್ಲ. ಮೇಲಾಗಿ, ಬಾಲಕನಿಗೆ ಕಾನೂನು ವಿಶೇಷ ರಕ್ಷಣೆಯನ್ನು ಕೊಟ್ಟಿದೆ. ಅವನಿಗಾಗಿ ಸುಳ್ಳು ಹೇಳಿದ ವಯಸ್ಕನಿಗೆ ಅಂತಹ ರಕ್ಷಣೆ ಯಾವುದೂ ಇಲ್ಲ. ಕಡಿಮೆ ಅಪಾಯದಲ್ಲಿರುವ ಮಗನನ್ನು ಉಳಿಸಹೋಗಿ ತಂದೆಯು ತಾನೇ ಹೆಚ್ಚಿನ ಅಪಾಯಕ್ಕೆ ಬೀಳುತ್ತಾನೆ.

ಪುಣೆಯ ಮೊಕದ್ದಮೆಯನ್ನು ದೇಶವೆಲ್ಲ ಬಲ್ಲುದು. 2024ರ ಮೇ 19ರ ನಡುರಾತ್ರಿಯಾದ ಮೇಲೆ ಕಲ್ಯಾಣಿ ನಗರದಲ್ಲಿ 17 ವರ್ಷದ ಬಾಲಕನೊಬ್ಬನು ನಡೆಸುತ್ತಿದ್ದನೆಂಬ ಪೋರ್ಷೆ ಕಾರು ಬಡಿದು ಇಬ್ಬರು ತರುಣ ಎಂಜಿನಿಯರುಗಳು ಮೃತರಾದರು. ಬಾಲನ್ಯಾಯ ಮಂಡಳಿಯು ಅಂದೇ ಅವನಿಗೆ ಜಾಮೀನು ಕೊಟ್ಟು, ಅಪಘಾತಗಳನ್ನು ಕುರಿತು 300 ಪದಗಳ ಪ್ರಬಂಧ ಬರೆಯಬೇಕೆಂಬುದನ್ನೂ ಷರತ್ತುಗಳಲ್ಲಿ ಸೇರಿಸಿತು. ಜನರು ರೊಚ್ಚಿಗೆದ್ದರು, ಬಾಲಕನನ್ನು ವೀಕ್ಷಣಾಲಯಕ್ಕೆ ಕಳುಹಿಸಲಾಯಿತು, ಜೂನ್ 25ರಂದು ಮುಂಬಯಿ ಉಚ್ಚ ನ್ಯಾಯಾಲಯವು ಅವನನ್ನು ಬಿಡುಗಡೆ ಮಾಡಿಸಿತು. ಅವನನ್ನು ವಯಸ್ಕನಂತೆ ವಿಚಾರಿಸಬೇಕೆಂಬ ಕೋರಿಕೆಯನ್ನು 2025ರ ಜುಲೈಯಲ್ಲಿ ಮಂಡಳಿಯು ನಿರಾಕರಿಸಿತು. ಆದರೆ ಮನೆಯ ಹಿರಿಯರ ಗತಿಯೇನಾಯಿತು? ರಕ್ತದ ಮಾದರಿಯನ್ನು ಬದಲಾಯಿಸಿದರು, ತಪ್ಪನ್ನು ಹೊರುವಂತೆ ಮನೆಯ ಡ್ರೈವರನ್ನು ಬಲಾತ್ಕರಿಸಿದರು ಎಂಬ ಆರೋಪಗಳಲ್ಲಿ ತಂದೆ, ತಾಯಿ, ಅಜ್ಜ ಮೂವರೂ ಬಂಧನಕ್ಕೊಳಗಾದರು; ಆಸ್ಪತ್ರೆಯ ವೈದ್ಯರೂ ಸಿಕ್ಕಿಬಿದ್ದರು. ಆರೋಪಗಳ ತೀರ್ಮಾನವು ನ್ಯಾಯಾಲಯದ ಕೆಲಸ. ನಮ್ಮ ಗೃಹಸ್ಥರು ಗಮನಿಸಬೇಕಾದುದು, ಕಾನೂನಿನ ಭಾರವು ಬಾಲಕನಿಗಿಂತ ಹೆಚ್ಚಾಗಿ ಯಾರ ಮೇಲೆ ಬಿದ್ದಿತು ಎಂಬುದನ್ನು.

ಬಾಲಕನಿಗೆ ಇರುವ ರಕ್ಷಣೆ

ಮಗನನ್ನು ಲಾಕಪ್ಪಿಗೆ ಹಾಕುವರೆಂಬ ಭಯವೇ ತಂದೆತಾಯಿಗಳನ್ನು ತಪ್ಪುದಾರಿಗೆ ಎಳೆಯುವುದು. ಈ ಭಯಕ್ಕೆ ಆಧಾರವಿಲ್ಲ. 2015ರ ಬಾಲನ್ಯಾಯ ಕಾಯಿದೆಯಂತೆ 18ರ ಒಳಗಿನ ಬಾಲಕ ಬಾಲಕಿಯರನ್ನು ಪೋಲೀಸ್ ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇರಿಸುವಂತಿಲ್ಲ. ಮಕ್ಕಳ ವಿಷಯಕ್ಕಾಗಿ ನೇಮಕವಾದ ಪೋಲೀಸ್ ಅಧಿಕಾರಿಯು ಅವರನ್ನು ವಹಿಸಿಕೊಂಡು, 24 ಗಂಟೆಗಳೊಳಗೆ ಜಿಲ್ಲೆಯ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು, ತಂದೆತಾಯಿಗಳಿಗೆ ತಿಳಿಸಬೇಕು, ಬೇಡಿ ತೊಡಿಸಕೂಡದು. ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟರೂ ಇಬ್ಬರು ಸಮಾಜಸೇವಕರೂ ಇರುತ್ತಾರೆ. ಆ ಇಬ್ಬರಲ್ಲಿ ಒಬ್ಬರಾದರೂ ಸ್ತ್ರೀಯಾಗಿರಬೇಕೆಂದು ನಿಯಮ. ಜಾಮೀನು ಕೊಡುವುದೇ ಸಾಮಾನ್ಯ ಕ್ರಮ. ಬಾಲಕನು ದುಷ್ಟರ ಸಹವಾಸಕ್ಕೆ ಬೀಳುವನೆಂದೋ, ಅಪಾಯಕ್ಕೊಳಗಾಗುವನೆಂದೋ, ನ್ಯಾಯಕ್ಕೆ ಭಂಗವಾಗುವುದೆಂದೋ ಕಂಡಾಗ ಮಾತ್ರ ನಿರಾಕರಣೆ. ವಯಸ್ಸಿಗೆ ಶಾಲೆಯ ದಾಖಲೆ ಅಥವಾ ಎಸ್.ಎಸ್.ಎಲ್.ಸಿ. ಪ್ರಮಾಣಪತ್ರವು ಮೊದಲ ಸಾಕ್ಷ್ಯವಾದುದರಿಂದ ಅದನ್ನು ಕೂಡಲೆ ಕೈಗೆ ಸಿಕ್ಕುವಂತೆ ಇಟ್ಟುಕೊಳ್ಳಬೇಕು.

ನಿರ್ಲಕ್ಷ್ಯದಿಂದ ಮರಣವುಂಟುಮಾಡಿದುದಕ್ಕೆ ನ್ಯಾಯ ಸಂಹಿತೆಯ 106(1)ನೆಯ ಕಲಮಿನಲ್ಲಿ ವಯಸ್ಕರಿಗೆ 5 ವರ್ಷಗಳವರೆಗೆ ಸಜೆಯುಂಟು. ಬಾಲಕನಿಗಾದರೋ ಮಂಡಳಿಯು ಬುದ್ಧಿವಾದ, ಸಮಾಜಸೇವೆ, ತಂದೆತಾಯಿಗಳು ಕಟ್ಟಬೇಕಾದ ಜುಲ್ಮಾನೆ, ಸನ್ನಡತೆಯ ಮೇಲೆ ಬಿಡುಗಡೆ, ಕೊನೆಗೆ 3 ವರ್ಷ ಮೀರದ ವಿಶೇಷ ಗೃಹವಾಸ, ಇವುಗಳಲ್ಲಿ ತಕ್ಕುದನ್ನು ವಿಧಿಸಬಹುದು. ವಯಸ್ಕನಂತೆ ವಿಚಾರಿಸಬೇಕಾದರೆ ಬಾಲಕನಿಗೆ 16 ತುಂಬಿರಬೇಕು, ಅಪರಾಧಕ್ಕೆ ಕಾನೂನಿನಲ್ಲಿ ಕನಿಷ್ಠ 7 ವರ್ಷಗಳ ಸಜೆ ಇರಬೇಕು. 2016ರಲ್ಲಿ ದೆಹಲಿಯಲ್ಲಿ ನಡೆದ ಮರ್ಸಿಡಿಸ್ ಕಾರಿನ ಅಪಘಾತದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ಇದನ್ನೇ ಸ್ಪಷ್ಟಪಡಿಸಿತು. ಬಾಲಕನ ಹೆಸರು, ಭಾವಚಿತ್ರ, ಶಾಲೆ, ವಿಳಾಸಗಳನ್ನು ಯಾವ ಮಾಧ್ಯಮದಲ್ಲಿಯೂ ಪ್ರಕಟಿಸಕೂಡದು. ನೆರೆಹೊರೆಯವರು ಫೋನಿನಲ್ಲಿ ಹರಡುವ ಚಿತ್ರಗಳಿಗೂ ಇದೇ ನಿಷೇಧ. ಮಂಡಳಿಯ ತೀರ್ಮಾನದಿಂದ ಮುಂದಿನ ವಿದ್ಯಾಭ್ಯಾಸ ಉದ್ಯೋಗಗಳಿಗೆ ಅನರ್ಹತೆ ತಟ್ಟದಂತೆ ಕಾಯಿದೆಯು ಏರ್ಪಡಿಸಿದೆ. ಇಷ್ಟೆಲ್ಲ ರಕ್ಷಣೆಯಿರುವಾಗ ಸುಳ್ಳಿನ ಆಶ್ರಯವೇಕೆ?

ಹಣದ ಲೆಕ್ಕ

ಇನ್ನು ಪರಿಹಾರದ ಮಾತು. ವಾಹನಕ್ಕೆ ವಿಮೆಯಿದೆ, ಕಂಪನಿಯವರು ಕೊಡುತ್ತಾರೆ ಎಂದು ಹಲವರು ನಿಶ್ಚಿಂತರಾಗಿರುತ್ತಾರೆ. ಲೈಸೆನ್ಸ್ ಇಲ್ಲದವನು ನಡೆಸಿದಾಗ ವಿಮೆಯ ಷರತ್ತು ಮುರಿದಂತಾಗುತ್ತದೆ. ಆಗಲೂ ಗಾಯಾಳುವಿಗೆ ಅಥವಾ ಮೃತರ ಮನೆಯವರಿಗೆ ವಿಮಾ ಕಂಪನಿಯು ಮೊದಲು ಹಣ ಕೊಟ್ಟು, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಬಹುದೆಂಬುದು 2004ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದ ರೂಢವಾದ ಕ್ರಮ. ಕರ್ನಾಟಕ ಉಚ್ಚ ನ್ಯಾಯಾಲಯದ ಪೂರ್ಣಪೀಠವೂ 2020ರಲ್ಲಿ ಇದನ್ನು ಎತ್ತಿಹಿಡಿದಿದೆ. ಬಾಲಕನು ತನಗೆ ತಿಳಿಯದಂತೆ ಬೀಗದ ಕೈ ತೆಗೆದುಕೊಂಡು ಹೋದನೆಂದು ವಾದಿಸಿದ ಮೋಟಾರ್ ಸೈಕಲ್ ಮಾಲೀಕನೊಬ್ಬನಿಗೆ, ವಾಹನವು ಬಾಲಕನ ಕೈಯಲ್ಲಿ ದುರುಪಯೋಗವಾಗದಂತೆ ನೋಡಿಕೊಳ್ಳುವುದು ಮಾಲೀಕನ ಜವಾಬ್ದಾರಿಯೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಹೇಳಿತು.

ಮೊಬಲಗು ಎಷ್ಟಾದೀತು? ಒಂದು ಉದಾಹರಣೆ ನೋಡೋಣ. ತಿಂಗಳಿಗೆ 20,000 ರೂಪಾಯಿ ಸಂಪಾದಿಸುವ, 38 ವರ್ಷದ, ಸ್ವಂತ ಅಂಗಡಿಯ ಗೃಹಸ್ಥನು ಮೃತನಾದನೆಂದೂ, ಹೆಂಡತಿಯೂ ಇಬ್ಬರು ಮಕ್ಕಳೂ ಅವನನ್ನೇ ನೆಚ್ಚಿದ್ದರೆಂದೂ ಇಟ್ಟುಕೊಳ್ಳೋಣ. 2009 ಮತ್ತು 2017ರ ಸರ್ವೋಚ್ಚ ನ್ಯಾಯಾಲಯದ ತೀರ್ಪುಗಳ ಲೆಕ್ಕದಂತೆ, ಮುಂದಿನ ಏಳಿಗೆಗಾಗಿ ಶೇಕಡಾ 40 ಸೇರಿಸಿದರೆ ತಿಂಗಳಿಗೆ 28,000. ಸ್ವಂತ ಖರ್ಚಿಗೆಂದು ಮೂರರಲ್ಲೊಂದು ಪಾಲು ಕಳೆದರೆ ವರ್ಷಕ್ಕೆ 2,24,000. ಆ ವಯಸ್ಸಿಗೆ ಗೊತ್ತಾದ 15ರಿಂದ ಗುಣಿಸಿದರೆ 33,60,000 ರೂಪಾಯಿ. ಇದರ ಮೇಲೆ ಅಂತ್ಯಕ್ರಿಯೆ ಮುಂತಾದ ಬಾಬುಗಳೂ ಬಡ್ಡಿಯೂ ಉಂಟು. ಇಷ್ಟನ್ನು ವಿಮಾ ಕಂಪನಿಯು ಕೊಟ್ಟು, ಬೇರೆ ದಾವೆ ಹೂಡದೆ ಅದೇ ನ್ಯಾಯಮಂಡಳಿಯ ಮೂಲಕ ಮಾಲೀಕನ ಮೇಲೆ ವಸೂಲಿಗೆ ಬರಬಹುದು. ವಿಮೆಯ ಅವಧಿ ಮುಗಿದುಹೋಗಿದ್ದರೆ ಮೊದಲಿನಿಂದಲೇ ಭಾರವೆಲ್ಲ ಮಾಲೀಕನದು. ಗಾಡಿಯು ತಾಯಿಯ ಹೆಸರಿನಲ್ಲಿದ್ದರೆ ಹೊಣೆ ತಾಯಿಯದು. ಸೋದರಮಾವನ ಕಾರಾದರೆ ಮಾವನದು. ಜೀವಮಾನವೆಲ್ಲ ದುಡಿದು ಕಟ್ಟಿದ ಮನೆಯೇ ಇದಕ್ಕೆ ಈಡಾಗಬಹುದು.

ಪೆಟ್ಟುಬಿದ್ದ ಮನೆಯ ಹಕ್ಕುಗಳು

ಕಳೆದುಕೊಂಡ ಮನೆಯವರಿಗೂ ಈ ಸಂಗತಿಗಳು ತಿಳಿದಿರಬೇಕು. ಚಾಲಕನು ಬಾಲಕನೆಂಬ ಕಾರಣದಿಂದ ಅವರ ಹಕ್ಕು ಕುಂದುವುದಿಲ್ಲ. ಪೋಲೀಸರು ಅಪಘಾತದ ಮೊದಲ ವರದಿಯನ್ನು 48 ಗಂಟೆಗಳೊಳಗೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಕಳುಹಿಸಬೇಕೆಂದು 2022ರಿಂದ ಜಾರಿಗೆ ಬಂದ ನಿಯಮವಿದೆ. ಪರಿಹಾರದ ಅರ್ಜಿಯನ್ನು ಅಪಘಾತವಾದ ಸ್ಥಳದಲ್ಲಿಯೇ ಹಾಕಬೇಕೆಂದಿಲ್ಲ. ಅರ್ಜಿದಾರರು ವಾಸಿಸುವ ಊರಿನ ನ್ಯಾಯಮಂಡಳಿಯಲ್ಲಿಯೂ ಹಾಕಬಹುದು. ಇದಕ್ಕೆ 6 ತಿಂಗಳ ಗಡುವನ್ನು ಕಾಯಿದೆಯ 166ನೆಯ ಕಲಮು ಗೊತ್ತುಮಾಡಿರುವುದರಿಂದ ದುಃಖದಲ್ಲಿಯೂ ಕಾಲವನ್ನು ಮರೆಯಕೂಡದು. ತಪ್ಪು ಯಾರದೆಂದು ರುಜುವಾತುಪಡಿಸದೆಯೇ ಮರಣಕ್ಕೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ಪಡೆಯುವ ಇನ್ನೊಂದು ಮಾರ್ಗವು 164ನೆಯ ಕಲಮಿನಲ್ಲಿದೆ. ಯಾವುದು ಮೇಲೆಂದು ವಕೀಲರೊಡನೆ ಆಲೋಚಿಸಿ ಆರಿಸಿಕೊಳ್ಳಬೇಕು.

ಮನೆಗೆ ಬಂದು ಅಷ್ಟಿಷ್ಟು ಹಣಕೊಟ್ಟು ಕಾಗದಕ್ಕೆ ರುಜು ಹಾಕಿಸಿಕೊಳ್ಳಲು ಯಾರಾದರೂ ಅವಸರಪಡಿಸಿದರೆ ಒಪ್ಪಕೂಡದು. ಹಣದ ವಿಷಯದಲ್ಲಿ ರಾಜಿಯಾಗಬಹುದು. ಆದರೆ ನಿರ್ಲಕ್ಷ್ಯದಿಂದ ಮರಣವಾದ ಅಪರಾಧವು ಎರಡು ಕಡೆಯವರು ರಾಜಿಮಾಡಿಕೊಂಡು ಮುಗಿಸತಕ್ಕದ್ದಲ್ಲ. ರಾಜಿಯೇ ಇಷ್ಟವಾದರೆ ಲೋಕ ಅದಾಲತ್ತಿನಲ್ಲಿ ಆಗುವುದು ಉತ್ತಮ. ಅಲ್ಲಿನ ತೀರ್ಮಾನವು ನ್ಯಾಯಾಲಯದ ಡಿಕ್ರಿಗೆ ಸಮ. ಅದರ ಮೇಲೆ ಅಪೀಲು ಇಲ್ಲದ ಕಾರಣ ಹಣವು ಬೇಗನೆ ಕೈಸೇರುತ್ತದೆ.

ಸಹಾಯವು ಎಲ್ಲಿ ದೊರೆಯುವುದು

ವಕೀಲರ ಫೀಜಿಗೆ ಹೆದರಿ ಸುಮ್ಮನಿರಬೇಕಾಗಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ ಸ್ತ್ರೀಯರಿಗೂ ಮಕ್ಕಳಿಗೂ ವರಮಾನದ ಮಿತಿಯಿಲ್ಲದೆ ಉಚಿತ ವಕೀಲರು ದೊರೆಯುತ್ತಾರೆ. ಪರಿಶಿಷ್ಟ ಜಾತಿ ಪಂಗಡಗಳವರಿಗೂ ಅಂಗವಿಕಲರಿಗೂ ಅಲ್ಪ ವರಮಾನದವರಿಗೂ ಉಂಟು. ಎಂದಮೇಲೆ ಗಾಡಿ ನಡೆಸಿದ ಬಾಲಕನಿಗೂ, ಗಂಡನನ್ನು ಕಳೆದುಕೊಂಡ ವಿಧವೆಗೂ ಈ ಒಂದೇ ಬಾಗಿಲು ತೆರೆದಿದೆ. ದಟ್ಟಗಳ್ಳಿಯವರು ಮೈಸೂರಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಬಿಳಿಯ ಹಾಳೆಯಲ್ಲಿ ಅರ್ಜಿ ಬರೆದುಕೊಟ್ಟರೂ ಸಾಕು. ದೇಶದ ಯಾವ ಮೂಲೆಯಿಂದಲಾದರೂ 15100 ಸಂಖ್ಯೆಗೆ ಫೋನ್ ಮಾಡಿ ಸಲಹೆ ಪಡೆಯಬಹುದು.

ವಕೀಲರನ್ನು ಗೊತ್ತುಮಾಡುವಾಗ ಗಮನಿಸಬೇಕಾದ ಎರಡು ಸೂಕ್ಷ್ಮಗಳಿವೆ. ತಂದೆಯ ಮೇಲೂ ಮಗನ ಮೇಲೂ ಮೊಕದ್ದಮೆಯಿರುವಾಗ ಇಬ್ಬರ ಹಿತವೂ ಒಂದೇ ಎಂದು ಹೇಳಲಾಗುವುದಿಲ್ಲ. “ನನಗೆ ತಿಳಿಯದು” ಎಂಬುದು ತಂದೆಯ ವಾದವಾದರೆ “ಅಪ್ಪನೇ ಕೊಟ್ಟರು” ಎಂಬುದು ಮಗನ ನಿಜವಾಗಿರಬಹುದು. ಆದಕಾರಣ ಮಗನಿಗೆ ಬೇರೆ ವಕೀಲರಿರುವುದು ಮೇಲು. ಹಾಗೆಯೇ ವಿಮಾ ಕಂಪನಿಯ ವಕೀಲರನ್ನು ನಮ್ಮವರೆಂದು ನೆಚ್ಚಕೂಡದು. ಕೊಟ್ಟ ಹಣವನ್ನು ಮಾಲೀಕನಿಂದ ವಸೂಲುಮಾಡುವುದೇ ಕಂಪನಿಯ ಹಿತ.

ಪೆಟ್ಟಾದವರನ್ನು ಆಸ್ಪತ್ರೆಯಲ್ಲಿ ಹೋಗಿ ನೋಡುವುದು, ಔಷಧದ ವೆಚ್ಚಕ್ಕೆ ಕೈಲಾದುದನ್ನು ರಸೀತಿ ಪಡೆದು ಕೊಡುವುದು, ಇವನ್ನು ಯಾವ ಕಾನೂನೂ ಬೇಡವೆನ್ನುವುದಿಲ್ಲ. ವಕೀಲರಿಗೆ ತಿಳಿಸಿ ಮಾಡಿದರೆ ಸಾಕು. ಆ ಮನೆಯ ಮುಂದೆ ತಲೆತಗ್ಗಿಸಿ ನಿಲ್ಲುವ ತಂದೆತಾಯಿಗಳನ್ನು ಕಂಡ ಮಗನು, ಮಂಡಳಿಯು ಕಲಿಸಲಾರದ ಪಾಠವನ್ನು ಕಲಿಯುತ್ತಾನೆ.

ಇವೆಲ್ಲ ವಿಪತ್ತಾದ ಮೇಲಿನ ಮಾತುಗಳು. ವಿಪತ್ತಿಗೆ ಮುಂಚಿನ ಉಪಾಯವು ಬಹಳ ಸುಲಭವಾದುದು: ಗಾಡಿಯ ಬೀಗದ ಕೈಯನ್ನು ಹಿರಿಯರು ತಮ್ಮ ವಶದಲ್ಲಿಟ್ಟುಕೊಳ್ಳಲಿ, ಮಕ್ಕಳಿಗೆ ಸೈಕಲ್ಲೋ ನಗರದ ಬಸ್ಸೋ ಇರಲಿ, ನೆರೆಯ ನಾಲ್ಕು ಮನೆಯವರು ಸೇರಿ ಸರದಿಯಂತೆ ಮಕ್ಕಳನ್ನು ಮನೆಪಾಠಕ್ಕೆ ಮುಟ್ಟಿಸಲಿ, ವಿಮೆಯ ಗಡುವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತುಮಾಡಿಡಲಿ. ಹದಿನೆಂಟು ತುಂಬಿದ ಮಗನನ್ನು ಲೈಸೆನ್ಸ್ ಪರೀಕ್ಷೆಗೆ ತಂದೆಯೇ ಕರೆದುಕೊಂಡು ಹೋಗಲಿ. ಅದಕ್ಕೆ ಕಾಯಬೇಕಾದ ಒಂದೆರಡು ವರ್ಷಗಳು, ಮೇಲೆ ಹೇಳಿದ ಲೆಕ್ಕದ ಮುಂದೆ, ದೊಡ್ಡದಲ್ಲ.